ಮೊಳ ಹಾಕುವ ಕೈ: ಮೈಸೂರಿನ ಚಿತ್ರಪ್ರದರ್ಶನಗಳ ನೋಡುಗರಿಗೆ ಒಂದು ಬಹಿರಂಗ ಪತ್ರ

ಪ್ರಿಯ ನೋಡುಗರೇ,

ಕಳೆದ ಪ್ರದರ್ಶನದ ಅಭಿಪ್ರಾಯ ಪುಸ್ತಕ ನನ್ನ ಮುಂದಿದೆ. ಮಕ್ಕಳು ಶಾಲೆಗೆ ಒಯ್ಯುವಂಥ 200 ಪುಟದ ನೋಟ್‌ಬುಕ್ಕು. ಐದು ದಿನದಲ್ಲಿ 19 ಪುಟ ತುಂಬಿದೆ. ಕೆಲಸವಿಲ್ಲದ ಒಂದು ಮಧ್ಯಾಹ್ನ ಕುಳಿತು ಎಣಿಸಿದೆ. ‘ತುಂಬಾ ಚೆನ್ನಾಗಿದೆ’ 41 ಸಲ. ‘ಶುಭವಾಗಲಿ’ 28 ಸಲ. ‘ಹೀಗೇ ಮುಂದುವರಿಸಿ’ 16 ಸಲ. ಒಬ್ಬರು ನಕ್ಷತ್ರ ಬಿಡಿಸಿ ಐದಕ್ಕೆ ನಾಲ್ಕೂವರೆ ಕೊಟ್ಟಿದ್ದಾರೆ; ಆ ಅರ್ಧ ಯಾಕೆ ಹೋಯಿತು ಎಂದು ಬರೆದಿಲ್ಲ. ಒಂದು ಮಗು ಪುಟದ ಮೂಲೆಯಲ್ಲಿ ಆನೆ ಬರೆದು ಹೋಗಿದೆ. ಗೋಡೆಯ ಮೇಲಿದ್ದ ನನ್ನ ಆನೆಗಿಂತ ಅದಕ್ಕೇ ಜೀವ ಹೆಚ್ಚು.

ಹದಿನಾಲ್ಕನೆಯ ಪುಟದಲ್ಲಿ, ದುಂಡನೆಯ ಅಕ್ಷರದಲ್ಲಿ, ಹೀಗಿದೆ: ‘ಮೊಳ ಹಾಕೋ ಕೈ ಇದಲ್ಲ. ನಮ್ಮಜ್ಜಿ ಹೇಳಿದ್ದು.’

ಈ ಪತ್ರ ಹುಟ್ಟಿದ್ದು ಆ ಸಾಲಿನಿಂದ. ಉಳಿದ 18 ಪುಟಗಳಿಗೆ ನಾನು ಕೃತಜ್ಞಳೇ. ಆದರೆ ಆ ಒಂದು ಸಾಲು ಮಾಡಿದ ಕೆಲಸವನ್ನು ಅವೆಲ್ಲ ಸೇರಿಯೂ ಮಾಡಲಿಲ್ಲ. ಯಾಕೆ ಅಂತ ಹೇಳಬೇಕು.

ಮೊದಲು ನನ್ನ ಪರಿಚಯ. ಪತ್ರಿಕೆಯವರ ಮಾತಿನಲ್ಲಿ ನಾನು ‘ಉದಯೋನ್ಮುಖ ಕಲಾವಿದೆ’. ಹತ್ತು ವರ್ಷದಿಂದ ಉದಯಿಸುತ್ತಲೇ ಇದ್ದೇನೆ. ಚಾಮುಂಡಿಬೆಟ್ಟದ ಹಿಂದಿನಿಂದ ಬರುವ ಸೂರ್ಯನಿಗೂ ಇಷ್ಟು ಹೊತ್ತು ಹಿಡಿಯುವುದಿಲ್ಲ. ಬೆಳಿಗ್ಗೆ ಖಾಸಗಿ ಶಾಲೆಯೊಂದರಲ್ಲಿ ಡ್ರಾಯಿಂಗ್ ಮಿಸ್, ಸಂಜೆ ಮನೆಯ ವರಾಂಡದಲ್ಲಿ ಹನ್ನೆರಡು ಮಕ್ಕಳಿಗೆ ಪಾಠ, ಅಡುಗೆಮನೆಯ ದೀಪ ಆರಿದ ಮೇಲೆ ನನ್ನ ಚಿತ್ರ. ಇಲ್ಲಿಯವರೆಗೆ ಏಳು ಗುಂಪು ಪ್ರದರ್ಶನ, ಎರಡು ಏಕವ್ಯಕ್ತಿ ಪ್ರದರ್ಶನ.

ಅಪ್ಪನದು ಶಿವರಾಂಪೇಟೆ ಕಡೆ ಫೋಟೋಗೆ ಕಟ್ಟು ಹಾಕುವ ಅಂಗಡಿ. ದೇವರ ಪಟ, ಮದುವೆ ಫೋಟೋ, ತೀರಿಕೊಂಡವರ ಫೋಟೋ, ಮೂರಕ್ಕೂ ಅದೇ ಅಳತೆಪಟ್ಟಿ, ಅದೇ ಗರಗಸ. ನಾನು ಬೆಳೆದದ್ದು ಗಾಜಿನ ಚೂರು, ಬೀಡಿಂಗ್ ತುಂಡು, ಅಂಟಿನ ವಾಸನೆಯ ನಡುವೆ. ಆ ಅಂಗಡಿಯಲ್ಲಿ ಯಾವ ಕಾಲಕ್ಕೂ ಖರ್ಚಾಗುತ್ತಿದ್ದ ಒಂದು ಪ್ರಿಂಟ್ ಇತ್ತು: ದೀಪ ಹಿಡಿದ ಹೆಂಗಸು. ಗೃಹಪ್ರವೇಶಕ್ಕೆ ಅದೇ, ಮದುವೆಯ ಉಡುಗೊರೆಗೆ ಅದೇ, ನಿವೃತ್ತಿಯಾದ ಮೇಷ್ಟರಿಗೂ ಅದೇ. ಅಪ್ಪ ಎಷ್ಟು ಕಟ್ಟು ಹಾಕಿದ್ದಾರೋ ಲೆಕ್ಕವಿಲ್ಲ.

ಅದರ ಮೂಲಚಿತ್ರ ಜಗನ್ಮೋಹನ ಅರಮನೆಯ ಜಯಚಾಮರಾಜೇಂದ್ರ ಕಲಾಗ್ಯಾಲರಿಯಲ್ಲಿರುವುದು ನಿಮಗೆಲ್ಲ ಗೊತ್ತು. ನೀವು ಅದರ ಮುಂದೆ ನಿಂತದ್ದೂ ಉಂಟು. ಮಬ್ಬುಗತ್ತಲಲ್ಲಿ ದೀಪದ ಬೆಳಕು ಆಕೆಯ ಮುಖದ ಮೇಲೆ, ಬೆರಳ ಸಂದಿಯಲ್ಲಿ ಕೆಂಪಗೆ ಹೊಳೆಯುವುದನ್ನು ನೋಡಿ, ಹಿಂದೆ ಬಲ್ಬ್ ಇಟ್ಟಿದ್ದಾರೇನೋ ಎಂದು ಬಗ್ಗಿ ನೋಡಿದ್ದೀರಿ. ನಾನೂ ನೋಡಿದ್ದೇನೆ. ಹೊರಗೆ ಬರುವಾಗ ‘ರವಿವರ್ಮ ಏನು ಬರೆದಿದ್ದಾನಪ್ಪಾ’ ಎನ್ನುವವರನ್ನು ಇವತ್ತಿಗೂ ಕೇಳುತ್ತೇನೆ. ರವಿವರ್ಮ 1906ರಲ್ಲೇ ತೀರಿಕೊಂಡಿದ್ದ. ಈ ಚಿತ್ರ ಆಮೇಲೆ ಸುಮಾರು ನಲವತ್ತು ವರ್ಷಕ್ಕೆ, 1945–46ರ ಹೊತ್ತಿಗೆ, ಸಾವಂತವಾಡಿ ಮೂಲದ ಎಸ್.ಎಲ್. ಹಲ್ದಂಕರ್ ಬರೆದದ್ದು. ತೈಲವರ್ಣವೂ ಅಲ್ಲ, ಜಲವರ್ಣ. ಒಮ್ಮೆ ಬಣ್ಣ ಕಾಗದಕ್ಕೆ ಇಳಿದರೆ ಹಿಂದಕ್ಕೆ ಕರೆಯಲಾಗದ ಮಾಧ್ಯಮ. ದೀಪ ಹಿಡಿದು ನಿಂತವಳು ಅವರ ಮಗಳು ಗೀತಾ. 102 ವರ್ಷ ಬಾಳಿ 2018ರಲ್ಲಿ ಕೊಲ್ಹಾಪುರದಲ್ಲಿ ತೀರಿಕೊಂಡರು. ಚಿತ್ರ ಮೈಸೂರಿಗೆ ಬಂದದ್ದು ದಸರಾ ಕಲಾಪ್ರದರ್ಶನದ ಸ್ಪರ್ಧೆಗೆ. ಬಹುಮಾನ ಪಡೆಯಿತು, ಇಲ್ಲೇ ಉಳಿಯಿತು.

ಅಂದರೆ ನಮ್ಮೂರಿನವರು ಅತಿ ಹೆಚ್ಚು ಪ್ರೀತಿಸಿದ ಚಿತ್ರವೂ ಒಂದು ಕಾಲಕ್ಕೆ ಪ್ರದರ್ಶನದ ಗೋಡೆಯ ಮೇಲೆ, ಹತ್ತಾರು ಚಿತ್ರಗಳ ಸಾಲಿನಲ್ಲಿ, ‘ನೋಡೋಣ ಏನು ಹೇಳುತ್ತಾರೋ’ ಎಂದು ಕಾದು ನೇತಾಡಿತ್ತು. ಹೆಸರಾದ ಚಿತ್ರವನ್ನು ನೋಡುವುದು ಮೈಸೂರಿಗೆ ಚೆನ್ನಾಗಿ ಗೊತ್ತು. ಇನ್ನೂ ಹೆಸರಾಗದ್ದನ್ನು ನೋಡುವುದು ಹೇಗೆ ಎಂಬುದೇ ನನ್ನ ಪ್ರಶ್ನೆ.

ನಮ್ಮ ಪ್ರದರ್ಶನಗಳ ಮೊದಲ ದಿನ ನಿಮಗೆ ಗೊತ್ತೇ ಇದೆ. ಕಾಗದದ ಮೇಲೆ ಹತ್ತೂವರೆ, ನಿಜದಲ್ಲಿ ಹನ್ನೊಂದೂಕಾಲು. ಪ್ರಾರ್ಥನೆ, ಸ್ವಾಗತ, ಎಣ್ಣೆ ಮುಗಿದ ದೀಪಕ್ಕೆ ಮತ್ತೆ ಎಣ್ಣೆ. ಉದ್ಘಾಟಕರಿಗೆ ಪೇಟ, ಶಾಲು, ಹಣ್ಣಿನ ಬುಟ್ಟಿ. ಅತಿಥಿಗಳಿಗೆ ಪೇಟ, ಶಾಲು, ಹಣ್ಣಿನ ಬುಟ್ಟಿ. ಭಾಷಣದಲ್ಲಿ 64 ಕಲೆಗಳು ಬರುತ್ತವೆ, ನಾಲ್ವಡಿ ಕೃಷ್ಣರಾಜ ಒಡೆಯರು ಬರುತ್ತಾರೆ, ಇಂದಿನ ಮಕ್ಕಳ ಮೊಬೈಲ್ ಬರುತ್ತದೆ. ಚಿತ್ರಗಳು ಬರುವುದಿಲ್ಲ. ಕುರ್ಚಿಗಳೆಲ್ಲ ಗೋಡೆಗೆ ಬೆನ್ನು ಹಾಕಿರುತ್ತವೆ. ಹಾಗಾಗಿ ಒಂದೂಕಾಲು ಗಂಟೆ ಜನರು ಮಾತು ಕೇಳುತ್ತಾರೆ, ಚಿತ್ರಗಳು ಜನರ ತಲೆಯ ಹಿಂಭಾಗ ನೋಡುತ್ತವೆ. ಆಮೇಲೆ ಉಪ್ಪಿಟ್ಟು, ಕೇಸರಿಬಾತು. ಕೈತೊಳೆದು ಬಂದವರು ಒಂದು ಸುತ್ತು ಹಾಕಿ, ನನ್ನ ಜೊತೆ ಫೋಟೋ ತೆಗೆಸಿಕೊಂಡು, ಪುಸ್ತಕದಲ್ಲಿ ‘ಶುಭವಾಗಲಿ’ ಬರೆಯುತ್ತಾರೆ.

ಮೊದಲ ದಿನ 80 ಜನ. ಎರಡನೆಯ ದಿನ 11. ಅದರಲ್ಲಿ ಇಬ್ಬರು ಮಳೆಗೆ ನಿಂತವರು.

ಇದನ್ನು ದೂರು ಎಂದು ತಿಳಿಯಬೇಡಿ. ನಾನೂ ಬೇರೆಯವರ ಪ್ರದರ್ಶನಕ್ಕೆ ಹೋಗಿ ಕೇಸರಿಬಾತು ತಿಂದು ‘ಚೆನ್ನಾಗಿದೆ’ ಬರೆದು ಬಂದವಳೇ. ನಮ್ಮೂರಿನವರಿಗೆ ಇನ್ನೊಬ್ಬರ ಮುಖಕ್ಕೆ ಹೊಡೆದಂತೆ ಮಾತಾಡಿ ಅಭ್ಯಾಸವಿಲ್ಲ. ಸೊಪ್ಪಿನವಳ ಹತ್ತಿರ ಚೌಕಾಸಿ ಮಾಡುವಾಗಲೂ ‘ಏನಮ್ಮ, ಸ್ವಲ್ಪ ನೋಡಿ ಹೇಳಿ’ ಎನ್ನುವ ಜನ ನಾವು. ಆ ಮರ್ಯಾದೆ ದೊಡ್ಡದು. ಆದರೆ ಬೆಳೆಯುವ ಚಿತ್ರಗಾರರಿಗೆ ಅದರಷ್ಟು ಮೆತ್ತಗೆ ಕತ್ತು ಹಿಸುಕುವಂಥದ್ದು ಇನ್ನೊಂದಿಲ್ಲ.

ಈಗ ಹದಿನಾಲ್ಕನೆಯ ಪುಟಕ್ಕೆ ಬರುತ್ತೇನೆ.

ಅಲ್ಲಿನ ಮಾತು ಯಾವ ಚಿತ್ರದ ಬಗ್ಗೆಯೋ ಅದರ ವಿಷಯ ದೇವರಾಜ ಮಾರುಕಟ್ಟೆಯ ಹೂವಿನ ಸಾಲು. ಮೂರು ಅಡಿ ಅಗಲದ ಕ್ಯಾನ್ವಾಸ್, ಅಕ್ರಿಲಿಕ್. ನಡುವೆ ಒಬ್ಬ ಹೆಂಗಸು ಮಲ್ಲಿಗೆ ದಂಡೆಯನ್ನು ಮೊಳ ಹಾಕುತ್ತಿದ್ದಾಳೆ. ಪ್ರದರ್ಶನದ ಕರಪತ್ರದ ಮೇಲೂ ಅದೇ ಚಿತ್ರ. ನೋಡಿದವರೆಲ್ಲ ಹೊಗಳಿದ್ದು ಅದನ್ನೇ. ಸಂಜೆ ಪಾಠಕ್ಕೆ ಬರುವ ಹುಡುಗನೊಬ್ಬ ಮೂರನೆಯ ದಿನ, ಅದೇ ಮಾರುಕಟ್ಟೆಯಲ್ಲಿ ಹೂ ಮಾರುವ ತನ್ನ ಅಜ್ಜಿಯನ್ನು ಕರೆತಂದಿದ್ದ. ನಾನು ಆಗ ಊಟಕ್ಕೆ ಹೋಗಿದ್ದೆ. ಅಜ್ಜಿ ಹೇಳಿದ್ದನ್ನು ಹುಡುಗ ನಿಷ್ಠೆಯಿಂದ ಬರೆದಿದ್ದ.

ಅವತ್ತು ರಾತ್ರಿ ನನಗೆ ಸಿಟ್ಟು ಬಂತು. ಚಿತ್ರ ಎಂದರೆ ಫೋಟೋ ಅಲ್ಲ, ಕಲಾವಿದರಿಗೆ ಸ್ವಾತಂತ್ರ್ಯ ಇರುತ್ತದೆ ಎಂದೆಲ್ಲ ಪುಸ್ತಕದಲ್ಲಿ ಓದಿದ್ದು ಬಾಯಿಗೆ ಬಂತು. ಎರಡು ದಿನ ಹಾಗೇ ಗೊಣಗಿಕೊಂಡೆ. ಪ್ರದರ್ಶನ ಮುಗಿದ ಮರುದಿನ ಬೆಳಿಗ್ಗೆ ಮಾರುಕಟ್ಟೆಗೆ ಹೋದೆ. ಅಜ್ಜಿ ಬಾಳೆಪಟ್ಟೆಯ ದಾರದಲ್ಲಿ ಹೂ ಕಟ್ಟುತ್ತಾ ಕೂತಿದ್ದರು.

‘ಏನಜ್ಜಿ, ನನ್ನ ಚಿತ್ರದಲ್ಲಿ ತಪ್ಪು ಹುಡುಕಿದ್ರಂತೆ?’

‘ಅಯ್ಯೋ, ತಪ್ಪು ಅಂತಲ್ಲ ಕಣವ್ವ. ಚೆನ್ನಾಗೈತೆ. ಬಣ್ಣ ಎಲ್ಲ ಚೆನ್ನಾಗೈತೆ. ಆದ್ರೆ ಅವಳು ಬೆರಳು ನೆಟ್ಟಗೆ ಚಾಚವ್ಳೆ. ಹಂಗೆ ಮೊಳ ಹಾಕುದ್ರೆ ಸಂಜೆ ಒತ್ಗೆ ನಾನು ಬುಟ್ಟಿನೂ ಮಾರ್ಕೊಬೇಕಾಯ್ತದೆ.’

ಅಕ್ಕಪಕ್ಕದವರೆಲ್ಲ ನಕ್ಕರು. ಅಜ್ಜಿ ಒಂದು ದಂಡೆ ಎತ್ತಿ ತೋರಿಸಿದರು. ಮೊಣಕೈಯಿಂದ ನಡುಬೆರಳ ತುದಿಯವರೆಗೆ ಒಂದು ಮೊಳ ಎಂಬುದು ನಮ್ಮ ನಿಮ್ಮ ಲೆಕ್ಕ. ಮಾರುವ ಕೈಯಲ್ಲಿ ಬೆರಳ ತುದಿ ಒಳಕ್ಕೆ ಮಡಚಿಕೊಂಡಿರುತ್ತದೆ, ದಂಡೆ ಮೊಣಕೈ ಮುಟ್ಟುವ ಮುಂಚೆಯೇ ಅಳತೆ ಮುಗಿದಿರುತ್ತದೆ. ಎರಡು ಬೆರಳಿನಷ್ಟು ಉಳಿತಾಯ. ಕೊಳ್ಳುವವರಿಗೂ ಅದು ಗೊತ್ತು. ಅದಕ್ಕೇ ಅವರು ‘ಮೇಲೆ ಸ್ವಲ್ಪ ಹಾಕಿ’ ಎನ್ನುತ್ತಾರೆ. ಅಜ್ಜಿ ಮುಖ ಸಿಂಡರಿಸಿಕೊಂಡು ಎರಡು ಬೆರಳು ಕೊಸರು ಹಾಕುತ್ತಾರೆ. ಮೊಳದಲ್ಲಿ ಉಳಿಸಿದ್ದು ಕೊಸರಿನಲ್ಲಿ ಹೋಗುತ್ತದೆ. ಇಬ್ಬರಿಗೂ ಗೆದ್ದ ಸಮಾಧಾನ.

ನಾನು ಬರೆದಿದ್ದ ಕೈ ಯಾರದು ಗೊತ್ತೇ? ಮನೆಯಲ್ಲಿ ಅಮ್ಮನನ್ನು ನಿಲ್ಲಿಸಿ ಬರೆದದ್ದು. ಹಲ್ದಂಕರರು ಮಗಳನ್ನು ನಿಲ್ಲಿಸಿಕೊಂಡರಲ್ಲ, ನಾನು ಅಮ್ಮನನ್ನು. ಅಮ್ಮ ಜನ್ಮಪೂರ್ತಿ ಹೂ ಕೊಂಡವಳು, ಒಂದು ದಿನವೂ ಮಾರಿದವಳಲ್ಲ. ಪ್ರಾಮಾಣಿಕವಾಗಿ ಬೆರಳು ಚಾಚಿ ನಿಂತಳು. ನಾನು ಅಷ್ಟೇ ಪ್ರಾಮಾಣಿಕವಾಗಿ ತಪ್ಪು ಬರೆದೆ. ಆ ಮಡಚಿದ ಬೆರಳಿನಲ್ಲಿ ಒಂದು ವ್ಯಾಪಾರ, ಒಂದು ಜಾಣತನ, ಬಡತನ, ಆಟ ಎಲ್ಲ ಇತ್ತು. ನನ್ನ ಚಿತ್ರದಲ್ಲಿ ಬರೀ ಹೂವಿತ್ತು.

ಐದು ದಿನದಲ್ಲಿ ಆ ಚಿತ್ರದ ಮುಂದೆ ನಿಂತವರಲ್ಲಿ ಅಧ್ಯಾಪಕರಿದ್ದರು, ಹಿರಿಯ ಚಿತ್ರಗಾರರಿದ್ದರು, ದಿನಾ ಸಂಜೆ ಹೂ ಕೊಳ್ಳುವ ನೂರಾರು ಕಣ್ಣುಗಳಿದ್ದವು. ಯಾರಿಗೂ ಕಾಣಲಿಲ್ಲವೋ, ಕಂಡೂ ‘ಪಾಪ, ಹುಡುಗಿ ಕಷ್ಟಪಟ್ಟಿದ್ದಾಳೆ’ ಎಂದು ಸುಮ್ಮನಾದರೋ?

ಇಷ್ಟು ಸಣ್ಣ ತಪ್ಪಿಗೆ ಇಷ್ಟೊಂದು ಗದ್ದಲವೇ ಎಂದು ಕೇಳಬಹುದು. ಉತ್ತರಕ್ಕೆ ಅಂಬಾವಿಲಾಸ ಅರಮನೆಯ ಕಲ್ಯಾಣಮಂಟಪಕ್ಕೆ ಹೋಗಿ. ಸುತ್ತ ಗೋಡೆಯ ಮೇಲೆ ದಸರಾ ಮೆರವಣಿಗೆಯ 26 ದೊಡ್ಡ ಫಲಕಗಳಿವೆ. 1934ರಿಂದ 1945ರವರೆಗೆ ಕೆ. ಕೇಶವಯ್ಯ, ವೈ. ನಾಗರಾಜು, ಎಸ್.ಎನ್. ಸ್ವಾಮಿ, ಶಂಕರರಾಜು ಮೊದಲಾದ ಆಸ್ಥಾನ ಚಿತ್ರಗಾರರು ಛಾಯಾಚಿತ್ರಗಳನ್ನು ಆಧಾರವಾಗಿಟ್ಟುಕೊಂಡು ಬರೆದವು. ಆನೆಯ ಗಾದಿ, ಕುದುರೆ ಸವಾರರ ರುಮಾಲು, ಸಿಪಾಯಿಗಳ ಹೆಜ್ಜೆ, ಮಹಡಿಯಲ್ಲಿ ನಿಂತು ಇಣುಕುವ ಜನ. ಮುಗಿದಾಗ ಅವುಗಳ ಮುಂದೆ ನಿಂತವರು ಅದೇ ಮೆರವಣಿಗೆಯನ್ನು ಬೀದಿಯಲ್ಲಿ ಕಣ್ಣಾರೆ ಕಂಡವರು. ಅಂಥ ನೋಡುಗರ ಮುಂದೆ ಲಗಾಮು ಹಿಡಿದ ಕೈಯನ್ನು ತಪ್ಪಾಗಿ ಬರೆಯಲು ಯಾವ ಚಿತ್ರಗಾರನಿಗೆ ಧೈರ್ಯ ಬಂದೀತು? ಇವತ್ತು ಆ ಮೆರವಣಿಗೆ ಅಂದಿನಂತಿಲ್ಲ, ಅದನ್ನು ಕಂಡ ಕಣ್ಣುಗಳೂ ಹೆಚ್ಚು ಉಳಿದಿಲ್ಲ. ಅಂದಿನ ಫೋಟೋಗಳಲ್ಲಿ ಹೆಚ್ಚಿನವಕ್ಕೆ ಬಣ್ಣವಿಲ್ಲ. ಬಣ್ಣದ ದೊಡ್ಡ ಸಾಕ್ಷಿಯಾಗಿ ಉಳಿದದ್ದು ಆ ಗೋಡೆಗಳು.

ನಮ್ಮ ಕಾಲದ ಮೈಸೂರೂ ಹಾಗೇ ಕೈಜಾರುತ್ತಿದೆ. 2012ರ ಆಗಸ್ಟ್‌ನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. 2016ರ ಆಗಸ್ಟ್‌ನಲ್ಲಿ, ದುರಸ್ತಿ ನಡೆಯುತ್ತಿರುವಾಗಲೇ, ದೇವರಾಜ ಮಾರುಕಟ್ಟೆಯ ಒಂದು ತುದಿ ಕುಸಿಯಿತು. ಕೆಡವಬೇಕೋ ಉಳಿಸಬೇಕೋ ಎಂಬ ವಾದ ಆಮೇಲೆ ವರ್ಷಗಟ್ಟಲೆ ನಡೆಯಿತು. ನಾವು ಏಳೆಂಟು ಜನ ಭಾನುವಾರ ಬೆಳಿಗ್ಗೆ ಸ್ಕೆಚ್ ಪುಸ್ತಕ ಹಿಡಿದು ಹೊರಡಲು ಶುರುಮಾಡಿದ್ದು ಈ ಕಳವಳದಿಂದಲೇ. ಒಂದು ವಾರ ಚಿಕ್ಕ ಗಡಿಯಾರ, ಒಂದು ವಾರ ಕುಕ್ಕರಹಳ್ಳಿ ಕೆರೆಯ ಏರಿ, ಒಂದು ವಾರ ಟಾಂಗಾ ಸ್ಟ್ಯಾಂಡ್. ನಾವು ಬರೆದದ್ದು ಮುಂದೆ ಯಾರಿಗಾದರೂ ಸಾಕ್ಷಿಯಾಗಬಹುದು. ಸುಳ್ಳುಸಾಕ್ಷಿ ಆಗಬಾರದು. ಅದನ್ನು ನೋಡಿಕೊಳ್ಳಬಲ್ಲವರು ಈ ಊರಿನಲ್ಲಿ ಬದುಕುವ ನೀವು. ಟಾಂಗಾ ಓಡಿಸುವವರಿಗೆ ಗೊತ್ತಿರುವ ಕುದುರೆ ನನಗೆ ಗೊತ್ತಿಲ್ಲ. ಬೀಟೆ ಮರದಲ್ಲಿ ಕುಸುರಿ ಕೂರಿಸುವವರ ಕೈಗೆ ಗೊತ್ತಿರುವ ಮರದ ಎಳೆ ನನಗೆ ಗೊತ್ತಿಲ್ಲ.

ಕಸುಬಿನವರಿಂದ ಚಿತ್ರಗಾರರು ಕಲಿಯಬೇಕೆಂಬುದು ನಾನು ಹೊಸದಾಗಿ ಹೇಳುತ್ತಿರುವುದಲ್ಲ. 1906ರಲ್ಲಿ ಬ್ರಿಟನ್ನಿನ ಯುವರಾಜ ಅಡಿಗಲ್ಲು ಹಾಕಿದ ಸಯ್ಯಾಜಿರಾವ್ ರಸ್ತೆಯ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯಲ್ಲಿ ಮರಗೆಲಸ, ಲೋಹದ ಕೆಲಸ, ಚಿತ್ರಕಲೆ ಮೂರನ್ನೂ ಒಂದೇ ಸೂರಿನಡಿ ಕಲಿಸುತ್ತಿದ್ದರು. ಚಿತ್ರ ಬರೆಯುವವನ ಪಕ್ಕದಲ್ಲೇ ಬಡಗಿಯ ಉಳಿಯ ಸದ್ದು ಕೇಳುತ್ತಿತ್ತು. ಅದೇ ಬೇರಿನಿಂದ ಚಿಗುರಿದ್ದು ಇಂದು ಸಿದ್ಧಾರ್ಥನಗರದಲ್ಲಿರುವ ನಮ್ಮ ಕಲಾಕಾಲೇಜು ‘ಕಾವಾ’. ಕಸುಬುದಾರರೂ ಕಲಾವಿದರೂ ಒಬ್ಬರನ್ನೊಬ್ಬರು ನೋಡದಷ್ಟು ದೂರ ಹೋದದ್ದು ಆಮೇಲಿನ ಮಾತು.

ಅಂಥ ದೂರ ಚಿತ್ರಗಾರರಾದ ನಮ್ಮ ನಮ್ಮಲ್ಲೂ ಇದೆ. ಈಗ ನನ್ನ ಬಳಗದವರಿಗೆ ಎರಡು ಮಾತು. ನೋಡುಗರೇ, ನೀವೂ ಕೇಳಿಸಿಕೊಳ್ಳಿ. ಮೈಸೂರು ಸಾಂಪ್ರದಾಯಿಕ ಶೈಲಿಯವರ ಪ್ರದರ್ಶನಕ್ಕೆ ಕ್ಯಾನ್ವಾಸಿನವರು ಹೋಗುವುದಿಲ್ಲ, ನಮ್ಮದಕ್ಕೆ ಅವರು ಬರುವುದಿಲ್ಲ. ‘ಅವರದು ಕಾಪಿ’ ಎಂದು ನಾವು, ‘ಇವರದು ಗೀಚು’ ಎಂದು ಅವರು. ನಾನೊಮ್ಮೆ ಮೂರು ತಿಂಗಳು ಆ ಶೈಲಿಯ ಹಿರಿಯರೊಬ್ಬರ ಮನೆಯಲ್ಲಿ ಕುಳಿತೆ. ಹುಣಸೆ ಕಡ್ಡಿ ಸುಟ್ಟು ಮಾಡಿದ ಇದ್ದಿಲಿನಲ್ಲಿ ರೇಖೆ ಎಳೆಯುವುದು, ಉಬ್ಬು ಕೆಲಸ ಒಣಗುವವರೆಗೆ ಕಾಯುವುದು, ಉಸಿರು ಬಿಟ್ಟರೆ ಹಾರಿಹೋಗುವ ಚಿನ್ನದ ರೇಕನ್ನು ಅಂಟಿಸುವುದು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಳಿದ ಆ ಶೈಲಿ ನನಗೆ ಕಲಿಸಿದ್ದು ದೇವರ ಚಿತ್ರ ಬರೆಯುವುದನ್ನಲ್ಲ, ಅವಸರವಿಲ್ಲದೆ ಒಂದು ಗೆರೆ ಮುಗಿಸುವುದನ್ನು. ನನ್ನ ಮೊದಲ ಗೆರೆ ನೋಡಿ ಅವರು ‘ಇದು ಓಡ್ತಾ ಇದೆ ತಾಯಿ, ನಡೀಬೇಕು’ ಎಂದಿದ್ದರು. ಯಾವ ಪ್ರದರ್ಶನದಲ್ಲೂ ನನಗೆ ಅಂಥ ಮಾತು ಸಿಕ್ಕಿಲ್ಲ.

ಹಿರಿಯ ಕಲಾವಿದರಿಗೂ ಒಂದು ವಿನಂತಿ. ನಮ್ಮ ಚಿತ್ರದ ಬಗ್ಗೆ ನಿಮಗೆ ಅನ್ನಿಸಿದ್ದನ್ನು ಗ್ಯಾಲರಿ ಹೊರಗಿನ ಟೀ ಅಂಗಡಿಯಲ್ಲಿ ಹೇಳಬೇಡಿ, ಚಿತ್ರದ ಮುಂದೆ ನಿಂತು ಹೇಳಿ. ಟೀ ಅಂಗಡಿಯವರಿಗೆ ಆ ಜ್ಞಾನದಿಂದ ಉಪಯೋಗವಿಲ್ಲ. ಪಿ.ಆರ್. ತಿಪ್ಪೇಸ್ವಾಮಿಯವರಂಥವರು ಇದ್ದ ಊರು ಇದು. ನಿಸರ್ಗಚಿತ್ರಕ್ಕೆ ಹೆಸರಾದ ಅವರು ತಮ್ಮ ಕುಂಚದಷ್ಟಕ್ಕೇ ಉಳಿಯಲಿಲ್ಲ. 1968ರಲ್ಲಿ ಮಾನಸಗಂಗೋತ್ರಿಯಲ್ಲಿ ಜಾನಪದ ವಸ್ತುಸಂಗ್ರಹಾಲಯ ಕಟ್ಟುವಾಗ ಜಾನಪದ ವಿದ್ವಾಂಸ ಜೀ.ಶಂ. ಪರಮಶಿವಯ್ಯನವರ ಜೊತೆ ದುಡಿದರು. ಹಳ್ಳಿಯ ಬೊಂಬೆ, ಮುಖವಾಡ, ಮನೆಬಳಕೆಯ ಸಾಮಾನು ಅಲ್ಲಿ ಉಳಿದಿವೆಯೆಂದರೆ ಅದರ ಹಿಂದೆ ಒಬ್ಬ ಚಿತ್ರಗಾರನ ಕಣ್ಣೂ ಇದೆ.

ನನ್ನ ತಪ್ಪನ್ನೂ ಒಪ್ಪಿಕೊಳ್ಳುತ್ತೇನೆ. ಮೊದಲ ಏಕವ್ಯಕ್ತಿ ಪ್ರದರ್ಶನದಲ್ಲಿ ಎಲ್ಲ ಚಿತ್ರದ ಕೆಳಗೂ ಇಂಗ್ಲಿಷಿನಲ್ಲಿ ‘ಅನ್‌ಟೈಟಲ್ಡ್’ ಎಂದು ಚೀಟಿ ಅಂಟಿಸಿದ್ದೆ. ಒಂದು, ಎರಡು, ಮೂರು, ಹೀಗೆ ಇಪ್ಪತ್ತೆರಡರವರೆಗೆ. ಹಾಗೆ ಹಾಕಿದರೆ ದೊಡ್ಡ ಕಲಾವಿದೆ ಅನ್ನಿಸುತ್ತದೆ ಎಂದುಕೊಂಡಿದ್ದೆ. ಅಪ್ಪ ಅಂಗಡಿ ಮುಚ್ಚಿ ಬಂದರು, ಕನ್ನಡಕ ಏರಿಸಿ ಒಂದೊಂದೇ ಚೀಟಿ ಓದಿದರು. ‘ಏನಮ್ಮ ಇದರರ್ಥ?’ ಎಂದರು. ಹೆಸರಿಟ್ಟಿಲ್ಲ ಅಂತ, ಎಂದೆ. ‘ಹೆಸರೇ ಇಡದೆ ತೊಟ್ಟಿಲಿಗೆ ಹಾಕಿ ಊರವರನ್ನೆಲ್ಲ ಕರೆದಿದ್ದೀಯಲ್ಲಮ್ಮ’ ಎಂದರು. ಅವತ್ತಿನಿಂದ ಪ್ರತಿ ಚಿತ್ರಕ್ಕೂ ಕನ್ನಡದಲ್ಲಿ ಹೆಸರಿಡುತ್ತೇನೆ, ಜೊತೆಗೆ ಎರಡು ಸಾಲು ಬರೆಯುತ್ತೇನೆ. ನೀವು ಮಾತಾಡಬೇಕು ಎಂದು ಕೇಳುವವಳು ಮೊದಲು ನಿಮ್ಮ ಭಾಷೆಯಲ್ಲಿ ಬಾಯಿ ಬಿಡಬೇಕು.

ಇನ್ನು ದುಡ್ಡಿನ ಮಾತು. ಅದನ್ನು ಬಿಟ್ಟರೆ ಪತ್ರ ಪ್ರಾಮಾಣಿಕವಾಗುವುದಿಲ್ಲ.

ಆಶ್ರಯ ತಪ್ಪಿದರೆ ಚಿತ್ರಗಾರ ಊರಲ್ಲಿ ಉಳಿಯುವುದು ಕಷ್ಟ. ಕೆ. ವೆಂಕಟಪ್ಪನವರು 1886ರಲ್ಲಿ ಇದೇ ಮೈಸೂರಿನಲ್ಲಿ, ಚಿತ್ರಗಾರರ ಮನೆತನದಲ್ಲಿ ಹುಟ್ಟಿದರು. ಅರಮನೆಯ ನೆರವಿನಿಂದ ಕಲ್ಕತ್ತಕ್ಕೆ ಹೋಗಿ ಅವನೀಂದ್ರನಾಥ ಠಾಕೂರರ ಬಳಿ ಕಲಿತರು. ಮರಳಿ ಬಂದು ವೀಣೆ ಶೇಷಣ್ಣನವರ ಹತ್ತಿರ ವೀಣೆ ಕಲಿತರು. ಊಟಿ, ಕೊಡೈಕೆನಾಲಿನ ಮಂಜನ್ನು ಜಲವರ್ಣದಲ್ಲಿ ಅವರಂತೆ ಹಿಡಿದವರು ಕಡಿಮೆ. 1940ರಲ್ಲಿ ನಾಲ್ವಡಿಯವರು ತೀರಿಕೊಂಡರು. ಆಮೇಲೆ ವೆಂಕಟಪ್ಪನವರು ಮೈಸೂರು ಬಿಟ್ಟು ಬೆಂಗಳೂರಿಗೆ ಹೋದರು, 1965ರಲ್ಲಿ ಅಲ್ಲೇ ಕಣ್ಮುಚ್ಚಿದರು. ಈಗ ನಾವು ಅವರನ್ನು ಮನಸಾರೆ ನೋಡಬೇಕೆಂದರೆ ರೈಲು ಹತ್ತಿ ಕಸ್ತೂರಬಾ ರಸ್ತೆಯ ವೆಂಕಟಪ್ಪ ಆರ್ಟ್ ಗ್ಯಾಲರಿಗೆ ಹೋಗಬೇಕು. ಆ ಗ್ಯಾಲರಿಯನ್ನು ಖಾಸಗಿ ಪ್ರತಿಷ್ಠಾನವೊಂದಕ್ಕೆ ವಹಿಸುವ ಯೋಜನೆ ಬಂದಾಗ, 2016ರಲ್ಲಿ, ಬೆಂಗಳೂರಿನ ಕಲಾವಿದರು ಬೀದಿಗಿಳಿದು ವಿರೋಧಿಸಿದರು. ನಮ್ಮೂರ ಚಿತ್ರಗಾರನ ಹೆಸರಿನ ಮನೆಗೆ ಅವರು ಕಾವಲು ನಿಂತರು.

ಮಹಾರಾಜರ ಆಶ್ರಯ ಮುಗಿದು ಎಷ್ಟೋ ಕಾಲವಾಯಿತು. ಸರ್ಕಾರ, ಲಲಿತಕಲಾ ಅಕಾಡೆಮಿ, ದಸರಾ ಲಲಿತಕಲೆ ಉಪಸಮಿತಿ ತಮ್ಮ ಕೈಲಾದ್ದನ್ನು ಮಾಡುತ್ತವೆ. ಆದರೆ ಒಬ್ಬ ಚಿತ್ರಗಾರ ಊರಿನಲ್ಲಿ ಉಳಿಯುತ್ತಾನೋ ಬಸ್ಸು ಹತ್ತುತ್ತಾನೋ ಎಂಬುದನ್ನು ಕೊನೆಗೆ ತೀರ್ಮಾನಿಸುವುದು ನಿಮ್ಮ ಮನೆಯ ಗೋಡೆ. ನನ್ನ ಜೊತೆ ಓದಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಈಗ ಬೆಂಗಳೂರಿನಲ್ಲಿದ್ದಾರೆ. ಒಬ್ಬ ಮೊಬೈಲ್ ಆಟಗಳಿಗೆ ಗಿಡಮರ ಬರೆಯುತ್ತಾನೆ, ಇನ್ನೊಬ್ಬಳು ಜಾಹೀರಾತು ಕಂಪನಿಯಲ್ಲಿದ್ದಾಳೆ. ವರ್ಷಕ್ಕೊಮ್ಮೆ ಚಿತ್ರಕಲಾ ಪರಿಷತ್ತಿನ ಚಿತ್ರಸಂತೆಯಲ್ಲಿ, ಕುಮಾರಕೃಪಾ ರಸ್ತೆಯ ಬದಿಯಲ್ಲಿ, ನಾವೆಲ್ಲ ಸಿಗುತ್ತೇವೆ. ಅಲ್ಲಿ ನನ್ನ ಚಿತ್ರ ಕೊಳ್ಳುವವರಲ್ಲಿ ಮೈಸೂರಿನವರೂ ಇರುತ್ತಾರೆ! ಇಲ್ಲಿ ಐದು ದಿನ ನೇತಾಡಿದ್ದನ್ನು ಅಲ್ಲಿ ಬಿಸಿಲಲ್ಲಿ ಕೊಳ್ಳುತ್ತಾರೆ.

ದತ್ತಗಳ್ಳಿಯಲ್ಲಿ, ಬೋಗಾದಿಯಲ್ಲಿ ಹೊಸ ಮನೆಗಳು ಏಳುತ್ತಿವೆ. ಟೈಲ್ಸಿಗೆ, ಚಾವಣಿಯ ಬಣ್ಣದ ದೀಪಗಳಿಗೆ ಲಕ್ಷಗಟ್ಟಲೆ ಖರ್ಚು ಮಾಡಿ ಕೊನೆಗೆ ಸೋಫಾದ ಮೇಲಿನ ಗೋಡೆಗೆ ಏಳು ಓಡುವ ಕುದುರೆಗಳ ಪ್ರಿಂಟ್ ತರುತ್ತೀರಿ. ನನಗೆ ಕುದುರೆಗಳ ಮೇಲೆ ಸಿಟ್ಟಿಲ್ಲ. ಎಷ್ಟೋ ಕುದುರೆಗೆ ನಮ್ಮಪ್ಪನೇ ಕಟ್ಟು ಹಾಕಿದ್ದಾರೆ, ಆ ದುಡ್ಡಿನಲ್ಲೇ ನಾನು ಬಣ್ಣ ಕೊಂಡಿದ್ದೇನೆ. ನನ್ನ ಪ್ರದರ್ಶನದಲ್ಲಿ ಒಬ್ಬರು ಬೆಲೆ ಕೇಳಿ, ‘ಕಟ್ಟಿಗೆ ಎಷ್ಟು, ಒಳಗಿರೋದಕ್ಕೆ ಎಷ್ಟು?’ ಎಂದು ವಿಚಾರಿಸಿದರು. ನಕ್ಕುಬಿಟ್ಟೆ. ಆಮೇಲೆ ಯೋಚಿಸಿದರೆ ಅದು ನ್ಯಾಯವಾದ ಪ್ರಶ್ನೆ. ಕಟ್ಟಿನ ಬೆಲೆ ಅಡಿ ಲೆಕ್ಕದಲ್ಲಿ ಹೇಳಬಹುದು, ಒಳಗಿರುವುದಕ್ಕೆ ಹೇಗೆ ಹೇಳುವುದು? ಕ್ಯಾನ್ವಾಸು, ಬಣ್ಣ, ಗ್ಯಾಲರಿ ಬಾಡಿಗೆ, ಕರಪತ್ರದ ಅಚ್ಚು, ಆಟೊ ಬಾಡಿಗೆ ಎಲ್ಲ ಹಂಚಿ ಹಾಕಿದರೆ ಎಷ್ಟೋ ಸಲ ನನ್ನ ಕೂಲಿ ಸೊನ್ನೆಗೆ ಬರುತ್ತದೆ. ದೊಡ್ಡದನ್ನೇ ಕೊಳ್ಳಿ ಎನ್ನುತ್ತಿಲ್ಲ. ಅಂಗೈ ಅಗಲದ ಒಂದು ಸ್ಕೆಚ್ ಕೊಳ್ಳಿ. ಕಂತಿನಲ್ಲಿ ಕೊಡಿ, ಅಪ್ಪ ಎಷ್ಟೋ ಜನರಿಗೆ ದೇವರ ಪಟವನ್ನೇ ಕಂತಿನಲ್ಲಿ ಕೊಟ್ಟಿದ್ದಾರೆ.

ಕೊಳ್ಳಲಾಗದಿದ್ದರೆ ಬೇಸರವಿಲ್ಲ. ಬನ್ನಿ ಸಾಕು. ಆದರೆ ಎರಡನೆಯ ದಿನ ಬನ್ನಿ. ಕಲಾಮಂದಿರಕ್ಕೆ ನಾಟಕ ನೋಡಲು ಬರುವವರು ಅರ್ಧ ಗಂಟೆ ಮೊದಲು ಬಂದರೆ ಅದೇ ಆವರಣದಲ್ಲಿ ಸುಚಿತ್ರಾ ಗ್ಯಾಲರಿ ಇದೆ. ಯಾರದ್ದಾದರೂ ಕೆಲಸ ಗೋಡೆಯ ಮೇಲಿದ್ದೀತು. ರಂಗಾಯಣದ ನಾಟಕ ಮುಗಿದ ಮೇಲೆ ಕತ್ತಲಲ್ಲಿ ನಿಂತು ‘ಆ ಪಾತ್ರ ಸರಿಹೋಗಲಿಲ್ಲ ಕಣ್ರೀ’ ಎಂದು ವಾದ ಮಾಡುವ ನೀವು, ಚಿತ್ರದ ಮುಂದೆ ಬಂದ ಕೂಡಲೇ ಯಾಕೆ ಆಸ್ಪತ್ರೆಗೆ ಬಂದವರ ಹಾಗೆ ಪಿಸುಗುಡುತ್ತೀರಿ? ನಾಟಕದಷ್ಟೇ ಚಿತ್ರವೂ ನಿಮ್ಮದು. ಅರ್ಥವಾಗದಿದ್ದರೆ ಅರ್ಥವಾಗಲಿಲ್ಲ ಎನ್ನಿ. ಇದಕ್ಕೆ ಇಷ್ಟು ಕಪ್ಪು ಯಾಕೆ ಬಳಿದಿರಿ ಎಂದು ಕೇಳಿ. ನನ್ನ ಹತ್ತಿರ ಉತ್ತರವಿಲ್ಲದಿದ್ದರೆ ಆ ಕಪ್ಪು ಅಲ್ಲಿ ಇರಬಾರದು ಅಂತ ನನಗೇ ಗೊತ್ತಾಗುತ್ತದೆ.

ನಿಜವಾದ ಪ್ರತಿಕ್ರಿಯೆ ಹೇಗಿರುತ್ತದೆ ಎಂಬುದಕ್ಕೆ ಒಂದು ಉದಾಹರಣೆ. ನಮ್ಮೂರಿನ ಹುಡುಗ, ವ್ಯಂಗ್ಯಚಿತ್ರಗಾರ ಆರ್.ಕೆ. ಲಕ್ಷ್ಮಣ್‌ಗೆ ಬೊಂಬಾಯಿಯ ಜೆ.ಜೆ. ಕಲಾಶಾಲೆ ಜಾಗವಿಲ್ಲ ಎಂದಿತ್ತು. ಅವರು ಮಹಾರಾಜ ಕಾಲೇಜಿನಲ್ಲಿ ಓದಿದರು, ಹಾಸ್ಯಪತ್ರಿಕೆ ‘ಕೊರವಂಜಿ’ಗೆ ಬರೆದರು, ಕನ್ನಡದ ಓದುಗರು ನೋಡಿ ನಕ್ಕರು. ನಗುವನ್ನು ಸುಳ್ಳಾಗಿ ಕೊಡಲು ಬರುವುದಿಲ್ಲ. ವ್ಯಂಗ್ಯಚಿತ್ರಗಾರರ ಅದೃಷ್ಟ ಅದು. ನಮಗೆ ಸಿಗುವ ‘ಚೆನ್ನಾಗಿದೆ’ಯಲ್ಲಿ ಯಾವುದು ನಿಜ, ಯಾವುದು ಉಪಚಾರ ಎಂದು ತಿಳಿಯುವ ದಾರಿಯೇ ಇಲ್ಲ.

ಆ ಹೂವಿನ ಚಿತ್ರವನ್ನು ಈಗ ಮತ್ತೆ ಬರೆದಿದ್ದೇನೆ. ನಾಲ್ಕು ಬೆಳಿಗ್ಗೆ ಅಜ್ಜಿಯ ಪಕ್ಕ ಕೂತು ಬರೀ ಆ ಕೈಯನ್ನು ಸ್ಕೆಚ್ ಮಾಡಿದೆ. ಅಜ್ಜಿಗೆ ಐದನೆಯ ದಿನ ತೋರಿಸಿದೆ. ಹತ್ತಿರ ಹಿಡಿದರು, ದೂರ ಹಿಡಿದರು. ‘ಈಗ ಹೊಟ್ಟೆ ತುಂಬ್ತದೆ ಬುಡು’ ಎಂದರು. ಹಳೆಯದನ್ನು ಅಳಿಸಿಲ್ಲ. ಮುಂದಿನ ಪ್ರದರ್ಶನದಲ್ಲಿ ಎರಡನ್ನೂ ಅಕ್ಕಪಕ್ಕ ಹಾಕುತ್ತೇನೆ. ಒಂದರ ಹೆಸರು ‘ಕೊಳ್ಳುವ ಕೈ’, ಇನ್ನೊಂದರ ಹೆಸರು ‘ಮಾರುವ ಕೈ’.

ಪುಸ್ತಕವೂ ಇರುತ್ತದೆ, ಅದೇ 200 ಪುಟದ್ದು. ಇನ್ನೂ 181 ಪುಟ ಖಾಲಿ. ಪೆನ್ನನ್ನು ಅಂಚೆ ಕಚೇರಿಯಲ್ಲಿ ಕಟ್ಟಿದ ಹಾಗೆ ದಾರ ಕಟ್ಟಿ ಇಟ್ಟಿರುತ್ತೇನೆ. ‘ಚೆನ್ನಾಗಿದೆ’ ಎಂದು ಬರೆಯಬೇಡಿ ಅಂತ ನಾನು ಹೇಳುವುದಿಲ್ಲ. ಹೊಗಳಿಕೆ ಯಾರಿಗೆ ಬೇಡ? ಅದನ್ನು ಮೊಳ ಹಾಕಿದಷ್ಟು ಹಾಕಿ. ಆಮೇಲೆ, ಹೂವಿನವಳು ಮುಖ ಸಿಂಡರಿಸಿಕೊಂಡಾದರೂ ಹಾಕುತ್ತಾಳಲ್ಲ, ಹಾಗೆ ಎರಡು ಬೆರಳು ಕೊಸರು ಹಾಕಿ.

ಇಂತಿ ನಿಮ್ಮೂರಿನ,
ಚಿತ್ರಗಾರ್ತಿ

ಮೈಸೂರು